ಖಾಲಿ ಕಾಡತೂಸು ತುಂಬುವ ‘ಡೈ’ಗೆ ಲೈಸೆನ್ಸ್ ಬೇಡವೇ?

ಮೇಜಿಗೆ ಬಿಗಿದ ಒಂದು ಪ್ರೆಸ್. ಖಾಲಿ ಹಿತ್ತಾಳೆ ಕಾಡತೂಸು ಇಟ್ಟು ಹಿಡಿಕೆ ಎಳೆಯುತ್ತಾ ಹೋದರೆ ಕೊನೆಗೆ ಹೊಸದರಂತೆ ಹೊರಬರುತ್ತದೆ. ಇಂಥ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ‘ಬಂದೂಕಿಗೆ ಮಾತ್ರ ಲೈಸೆನ್ಸ್, ಈ ಯಂತ್ರಕ್ಕೆ ಬೇಡ’ ಎಂದು ನಂಬುವವರಿದ್ದಾರೆ. ಚಡಚಣದ ಕಡೆ ಇದನ್ನು ನಕ್ಕು ಬಿಡುವಂತಿಲ್ಲ. ಭೀಮಾ ತೀರ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕಂಟ್ರಿ ಪಿಸ್ತೂಲು. 2012ರಲ್ಲಿ ಸಿನಿಮಾವೂ ಬಂತು. ಇಲ್ಲಿನವರು ಲಿಂಬೆ, ದ್ರಾಕ್ಷಿ ಬೆಳೆಯುತ್ತಾರೆ ಎಂಬುದು ಸಿನಿಮಾಕ್ಕೆ ಬೇಕಿಲ್ಲ ಬಿಡಿ.

ಡೈ ಎಂದರೆ ಉಕ್ಕಿನ ಅಚ್ಚು. ಗುಂಡು ಹಾರುವಾಗ ಹಿತ್ತಾಳೆ ಕೊಳವೆ ಬಿಸಿ ಅನಿಲದ ಒತ್ತಡಕ್ಕೆ ಉಬ್ಬುತ್ತದೆ. ಮೊದಲ ಡೈ ಅದನ್ನು ಅದುಮಿ ಹಳೆಯ ಅಳತೆಗೆ ತಂದು, ಸುಟ್ಟ ಪ್ರೈಮರನ್ನು ಹೊರತಳ್ಳುತ್ತದೆ. ಎರಡನೆಯದು ಬಾಯಿ ಅಗಲಿಸುತ್ತದೆ. ಮೂರನೆಯದು ಗುಂಡು ಕೂರಿಸಿ ಬಾಯಿ ಬಿಗಿಯುತ್ತದೆ. .44 ಮ್ಯಾಗ್ನಂ, .45 ಕೋಲ್ಟ್‌ನಂಥ ದೊಡ್ಡ ಕಾಡತೂಸು ದುಬಾರಿಯಾದ್ದರಿಂದ ಅಮೆರಿಕದಲ್ಲಿ ಇದು ಹಳೆಯ ಹವ್ಯಾಸ. ಅಲ್ಲಿ ಹಲವರು ಕಾರ್ಬೈಡ್ ಬಳೆಯಿರುವ ಡೈ ಆರಿಸುತ್ತಾರೆ, ಎಣ್ಣೆ ಸವರುವ ಕೆಲಸ ತಪ್ಪುತ್ತದೆ. ಹೆಸರು ನೋಡಿ ಅಳತೆ ನಂಬುವಂತೆಯೂ ಇಲ್ಲ: .44 ಮ್ಯಾಗ್ನಂ ಗುಂಡಿನ ವ್ಯಾಸ ಸುಮಾರು 0.43 ಇಂಚು.

ಆದರೆ ಡೈ ಅಳತೆ ಸರಿಮಾಡುತ್ತದೆ, ಅಷ್ಟೆ. ಮದ್ದು ಎಷ್ಟು ಬಿತ್ತೆಂದು ಅದಕ್ಕೆ ಗೊತ್ತಾಗದು. ಬೇಗ ಉರಿಯುವ ಮದ್ದು ದೊಡ್ಡ ಕೊಳವೆಯಲ್ಲಿ ಅರ್ಧವನ್ನೂ ತುಂಬದೆ ಇರಬಹುದು; ಮರೆತು ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ. .44 ಮ್ಯಾಗ್ನಂಗೆ ಅಮೆರಿಕದಲ್ಲಿ ನಿಗದಿಯಾದ ಗರಿಷ್ಠ ಒತ್ತಡವೇ 36,000 ಪಿಎಸ್‌ಐ, ಕಾರಿನ ಟೈರಿನ ಒತ್ತಡದ ಸುಮಾರು ಸಾವಿರ ಪಟ್ಟು. ಅದು ಮೀರಿದರೆ ಕಾರ್ಖಾನೆಯ ರಿವಾಲ್ವರೇ ಸಿಡಿಯಬಹುದು. ಸಾಮಾನ್ಯ ಪೈಪಿನಿಂದ ಮಾಡಿದ ಕಂಟ್ರಿ ಪಿಸ್ತೂಲಾದರೆ ಹಿಡಿದವನ ಬೆರಳು, ಕಣ್ಣು ಉಳಿಯುವುದು ಅದೃಷ್ಟ.

ಇನ್ನು ಲೈಸೆನ್ಸಿನ ಮಾತು. ನಾವು 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನೇ ತೆಗೆದು ನೋಡಿದೆವು. ಅದರ 2ನೇ ಕಲಮಿನ ಪ್ರಕಾರ ‘ಮದ್ದುಗುಂಡು’ ಎಂಬುದರಲ್ಲಿ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರುತ್ತವೆ. ಹಾಗಾಗಿ ‘ಯಂತ್ರಕ್ಕೆ ಲೈಸೆನ್ಸ್ ಬೇಡ’ ಎಂಬುದು ತಪ್ಪು. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ ಮೊದಲು 3ರಿಂದ 7 ವರ್ಷ ಶಿಕ್ಷೆಯಿತ್ತು; 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಬೆಳೆ ಕಾಯಲು ಬಂದೂಕಿನ ಲೈಸೆನ್ಸ್ ಪಡೆದವರಿಗೂ ಅದು ತಯಾರಿಕೆಯ ಪರವಾನಗಿ ಅಲ್ಲ. ‘ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ’ ಎನ್ನುತ್ತೀರಾ? ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಸದ್ಯ 2029ರವರೆಗೆ.

ಅಜ್ಜನ ಪೆಟ್ಟಿಗೆಯಲ್ಲಿ ಒಂದು ಖಾಲಿ ಕೊಳವೆ ಸಿಕ್ಕಿತೆಂದು ಗಾಬರಿಯಾಗಬೇಡಿ. ಉಳಿದ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ 45ನೇ ಕಲಮಿನಲ್ಲಿ ವಿನಾಯಿತಿಯಿದೆ. ಹೊಲದಲ್ಲೋ ಹೊಳೆದಂಡೆಯಲ್ಲೋ ಜೀವಂತ ಗುಂಡು ಕಂಡರೆ ಮಾತ್ರ ಕೈಗೆತ್ತಿಕೊಂಡು ಫೋಟೊ ತೆಗೆಯಲು ಹೋಗಬೇಡಿ. ಮಕ್ಕಳನ್ನು ದೂರವಿಟ್ಟು 112ಕ್ಕೆ ಕರೆ ಮಾಡಿ.