ಎಲುಬಿಗೂ ಕುಲ ಕೇಳುವ ಚಟ

ಹರಿಯಾಣದ ರಾಖಿಗಢಿಯ ಸಿಂಧೂ ನಾಗರಿಕತೆಯ ನೆಲೆಯಲ್ಲಿ ಸಿಕ್ಕ ಹೆಂಗಸೊಬ್ಬಳ ಅಸ್ಥಿಪಂಜರದ ಡಿಎನ್‌ಎ ವರದಿ 2019ರ ಸೆಪ್ಟೆಂಬರಿನಲ್ಲಿ ಹೊರಬಿದ್ದದ್ದೇ ತಡ, ಟಿವಿಯಲ್ಲಿ ಜಗಳ ಶುರುವಾಯಿತು: ಆರ್ಯರು ಹೊರಗಿಂದ ಬಂದವರೋ, ಇಲ್ಲಿಯವರೇ? ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಸತ್ತವಳು ಉಂಡದ್ದೇನು, ನರಳಿದ್ದು ಯಾವ ಕಾಯಿಲೆಯಿಂದ ಎಂದು ಕೇಳಿದ ಆ್ಯಂಕರ್ ನನಗಂತೂ ಕಾಣಲಿಲ್ಲ.

ಆ ವರದಿ ಬರೆದವರಲ್ಲೊಬ್ಬರಾದ ಪುರಾತತ್ತ್ವಜ್ಞ ವಸಂತ ಶಿಂಧೆ ಮತ್ತು ಪುಣೆಯ ಡೆಕ್ಕನ್ ಕಾಲೇಜಿನ ಸಂಗಡಿಗರು ಅಮೆರಿಕದ ಗ್ವೆನ್ ರಾಬಿನ್ಸ್ ಜೊತೆ 2009ರಲ್ಲೇ ಇನ್ನೊಂದು ಅಸ್ಥಿಪಂಜರದ ಕಥೆ ಬರೆದಿದ್ದರು. ಉದಯಪುರದ ಹತ್ತಿರ ಬಾಲಾಥಲ್‌ನಲ್ಲಿ ಕ್ರಿ.ಪೂ. 2000ದ ಸುಮಾರಿಗೆ ಸತ್ತ ನಡುವಯಸ್ಸಿನ ಗಂಡಸು. ಮೂಗಿನ ಸುತ್ತಲ ಎಲುಬು ಸವೆದಿದೆ, ಮೇಲ್ದವಡೆ ಕರಗಿದೆ: ಕುಷ್ಠರೋಗ. ಅಲ್ಲಿಯವರೆಗೆ ಜಗತ್ತಿನಲ್ಲಿ ಸಿಕ್ಕ ಅತಿ ಹಳೆಯ ಪುರಾವೆ ಅದು. ರೋಗ ಎಲುಬಿಗಿಳಿಯಲು ವರ್ಷಗಳೇ ಬೇಕು; ಅಷ್ಟು ಕಾಲ ಆತ ಬದುಕಿದ್ದ. ಸತ್ತ ಮೇಲೆ ಕಲ್ಲಿನ ಆವರಣದೊಳಗೆ, ಸುಟ್ಟ ಸಗಣಿಯ ಬೂದಿಯ ನಡುವೆ ಅವನನ್ನು ಹೂಳಿದರು. ಈ ಸುದ್ದಿಗೆ ಟಿವಿಯಲ್ಲಿ ಜಗಳವಾಗಲಿಲ್ಲ.

ಮುಂಬಯಿ ಪಕ್ಕದ ಡೊಂಬಿವಿಲಿ, ಠಾಣೆಯ ಕನ್ನಡಿಗರಿಗೆ ಕುಷ್ಠರೋಗ ದೂರದ ಮಾತಲ್ಲ. ಲೋಕಲ್ ರೈಲು ಠಾಕುರ್ಲಿ ದಾಟಿ ಕಲ್ಯಾಣಕ್ಕೆ ಬರುವಾಗ ಸಿಗುವ ಪತ್ರಿಪುಲ್ ಬಳಿ ಹನುಮಾನ್ ನಗರದ ಕುಷ್ಠರೋಗಿಗಳ ಕಾಲೊನಿಯಿದೆ. ಅಲ್ಲಿ ದುಡಿದ ಗಜಾನನ ಮಾನೆಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕಾಲೊನಿ ಮಾತ್ರ ಇನ್ನೂ ಬೇರೆ ಊರಿನಂತೆಯೇ ಇದೆ. ಮಾತ್ರೆಯಿಂದ ಪೂರ್ತಿ ವಾಸಿಯಾಗುವ ಈ ರೋಗ ವಿಚ್ಛೇದನಕ್ಕೆ ಸಾಕಾದ ಕಾರಣವೆಂದು ಕಾನೂನಿನಲ್ಲಿ ಉಳಿದಿತ್ತು. ಅದನ್ನು ಕಿತ್ತುಹಾಕಿದ್ದು ಅದೇ 2019ರ ಫೆಬ್ರವರಿಯಲ್ಲಿ. ಎಷ್ಟು ಜನರಿಗೆ ನೆನಪಿದೆ?

ಎಲುಬಿನಲ್ಲಿ ಜನರ ಮೂಲ ಹುಡುಕುವುದೂ ವಿಜ್ಞಾನವೇ, ಒಪ್ಪುತ್ತೇನೆ. ಆದರೆ ಒಂದೇ ಒಂದು ಡಿಎನ್‌ಎ ಮಾದರಿಯ ಮೇಲೆ ಇಡೀ ದೇಶದ ವಂಶಾವಳಿ ಕಟ್ಟುವವರು ಹಳೆಯ ಅಸ್ಥಿಪಂಜರಗಳ ಹಲ್ಲಿನ ಅಡ್ಡಗೆರೆಗಳನ್ನು ಒಮ್ಮೆ ನೋಡಲಿ. ಮಗುವನ್ನು ಹಸಿವೋ ಜ್ವರವೋ ಕಾಡಿದಾಗ ಎನಾಮಲ್ ಬೆಳೆಯುವುದು ನಿಲ್ಲುತ್ತದೆ. ಆ ಗೆರೆ ಮತ್ತೆ ತುಂಬಿಕೊಳ್ಳುವುದಿಲ್ಲ. ಯಾವ ಕುಲದ ಮಗುವಾದರೂ ಅಷ್ಟೆ.

ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆದಾಗ ನವಶಿಲಾಯುಗದ ಸಮಾಧಿಗಳು ಸಿಕ್ಕವು. ತಲೆಬುರುಡೆ ಅಳೆದು ಜನಾಂಗ ಗುರುತಿಸುವುದೇ ದೊಡ್ಡ ಕೆಲಸವಾಗಿದ್ದ ಕಾಲ ಅದು. ಅಂಥ ಎಲುಬುಗಳನ್ನೆಲ್ಲ ಇವತ್ತಿನ ವಿಧಾನದಲ್ಲಿ ರೋಗಕ್ಕಾಗಿ, ಹಸಿವಿಗಾಗಿ ಮತ್ತೆ ಪರೀಕ್ಷಿಸಬೇಕು. ಅದಕ್ಕೆ ಕರ್ನಾಟಕ ಸರ್ಕಾರ ಹಣ ಕೊಡಲಿ. ಸಿಕ್ಕ ಉತ್ತರ ಮ್ಯೂಸಿಯಮ್ಮಿನ ಫಲಕದ ಮೇಲೆ ಕನ್ನಡದಲ್ಲಿರಲಿ, ಕಲ್ಯಾಣದ ಶಾಲೆಯಲ್ಲಿ ಮರಾಠಿಯಲ್ಲಿ ಪಾಠವಾಗಲಿ.