ಆಸಿಡ್ ಸುಟ್ಟರೆ ಕೂಲಿಯವನದೇ ತಪ್ಪೇ?

ಮಸರಕಲ್ ಸೀಮೆಯ ಹತ್ತಿ ಲಾರಿ ಏರಿ ರಾಯಚೂರು ಸೇರುತ್ತದೆ. ಗಂಜಿನಲ್ಲಿ ಅದರ ದರವೆಷ್ಟೆಂದು ಎಲ್ಲರೂ ಕೇಳುತ್ತಾರೆ. ಆ ಹತ್ತಿಕಾಳು ಮುಂದೆ ಯಾರ ಕೈ ಸುಡುತ್ತದೆಂದು ಕೇಳುವವರಿಲ್ಲ.

ಬಿತ್ತನೆ ಕಾಳಿಗೆ ಅಂಟಿದ ನಾರು ಬಿಡಿಸಲು ಗಂಧಕಾಮ್ಲ ಬಳಸುವ ಪದ್ಧತಿಯಿದೆ. ಕಿಲೋ ಕಾಳಿಗೆ ಸುಮಾರು 100 ಮಿಲಿಲೀಟರ್ ಸುರಿದು, ಎರಡು ಮೂರು ನಿಮಿಷ ಕಲಕಿ, ನೀರಿನಲ್ಲಿ ತೊಳೆಯುತ್ತಾರೆ. ಗಾಣಕ್ಕೆ ಹೋದ ಕಾಳಿನ ಎಣ್ಣೆ ಶುದ್ಧಿಗೆ ಕಾಸ್ಟಿಕ್ ಸೋಡಾ ಬೇಕು. ಆಮ್ಲ ತಟ್ಟನೆ ಸುಡುತ್ತದೆ. ಕಾಸ್ಟಿಕ್ ಹಾಗಲ್ಲ, ಮೊದಮೊದಲು ನೋವನ್ನೇ ತೋರದೆ ಚರ್ಮದೊಳಗೆ ಇಳಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ತಿನ್ನುತ್ತದೆ. ಇವೆರಡಕ್ಕೂ ಮೊದಲ ಮದ್ದು ದವಾಖಾನೆಯಲ್ಲಿಲ್ಲ, ಕೆಲಸದ ಜಾಗದಲ್ಲೇ ಇರಬೇಕು: ತೊಯ್ದ ಬಟ್ಟೆ ಕಳಚಿ, ಕನಿಷ್ಠ 20 ನಿಮಿಷ ಹರಿಯುವ ನೀರು. ಸುಣ್ಣ, ಬೆಣ್ಣೆ, ಮಸಿ ಯಾವುದನ್ನೂ ಹಚ್ಚಬಾರದು. ಒಂದು ನಳ, ಒಂದು ಕನ್ನಡಕ, ಒಂದು ಜೊತೆ ರಬ್ಬರ್ ಕೈಚೀಲ. ಇಷ್ಟರಿಂದ ಯಾವ ಸಾಹುಕಾರನ ಮನೆ ಮುಳುಗೀತು?

ಮೈ ಸುಟ್ಟ ಮರುದಿನ ಮಾಲೀಕ ಮಹಾಶಯರದು ಒಂದೇ ಮಾತು: ‘ಅವನೇ ಎಚ್ಚರ ತಪ್ಪಿದ.’ ಕೈಯಲ್ಲಿ ನಾಲ್ಕು ನೋಟು ತುರುಕಿ ಊರಿಗೆ ಕಳಿಸಿದರೆ ಕೆಲಸ ಮುಗಿಯಿತು! ಇದು ಶುದ್ಧ ಮೋಸ. ಎಚ್ಚರ ತಪ್ಪಿದ್ದಕ್ಕೆ ಪರಿಹಾರ ತಪ್ಪದೆಂಬುದು ಬ್ರಿಟಿಷರ ಕಾಲದ 1923ರ ಕಾಯಿದೆಯಲ್ಲೇ ಇತ್ತು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಕುಡಿದು ಬಂದಿದ್ದರೆ, ಬೇಕೆಂದೇ ಸುರಕ್ಷತೆಯ ಆಜ್ಞೆ ಮುರಿದಿದ್ದರೆ, ಕೊಟ್ಟ ರಕ್ಷಣೆಯನ್ನು ಬೇಕೆಂದೇ ಕಿತ್ತೆಸೆದಿದ್ದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ಸತ್ತರೆ, ಶಾಶ್ವತವಾಗಿ ಪೂರ್ತಿ ಅಂಗವಿಕಲನಾದರೆ ಆ ವಿನಾಯಿತಿಯೂ ಇಲ್ಲ. ಕೈಚೀಲವನ್ನೇ ಕೊಡದವನು ಕೂಲಿಯವನು ಏನನ್ನು ಎಸೆದನೆಂದು ಹೇಳುತ್ತಾನೆ?

ಸರಕಾರದ ನಡೆಯನ್ನೂ ನೋಡಿರಿ. 1948ರ ಕಾಯಿದೆಯಲ್ಲಿ ಯಂತ್ರಶಕ್ತಿಯಿದ್ದು 10 ಮಂದಿ ದುಡಿದರೆ ಅದು ಕಾರ್ಖಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 20 ಮಂದಿ ಬೇಕು. ಆಮ್ಲಕ್ಕೆ ತಲೆ ಎಣಿಸಿ ಸುಡುವ ಅಭ್ಯಾಸವಿದೆಯೇ?

ನಮ್ಮ ಓದುಗರಲ್ಲಿ ಅಂಗಡಿಕಾರರೂ ಇದ್ದಾರೆ. 2013ರಲ್ಲಿ ಸುಪ್ರೀಂ ಕೋರ್ಟು, ಒಂದು ಬಾಟಲಿ ಆಸಿಡ್ ಮಾರಿದರೂ ಕೊಂಡವರ ಗುರುತು ಕೇಳಿ ವಹಿಯಲ್ಲಿ ಬರೆಯಬೇಕೆಂದು ಆಜ್ಞೆ ಮಾಡಿತು. ಯೋಗ್ಯವಾದ ಆಜ್ಞೆಯೇ. ಆದರೆ ಬಾಟಲಿಯ ಲೆಕ್ಕ ಕೇಳುವ ಸರಕಾರ, ಪೀಪಾಯಿಯ ಪಕ್ಕ ಬರಿಗೈಯಲ್ಲಿ ನಿಂತವನ ಲೆಕ್ಕ ಕೇಳುವುದು ಎಂದು?

ನಾವು ಕೇಳುವುದು ದೊಡ್ಡದೇನಲ್ಲ. ಇನ್ಸ್‌ಪೆಕ್ಟರ್ ಸಾಹೇಬರು ಹಂಗಾಮಿನಲ್ಲೇ, ಮುಂಚೆ ತಿಳಿಸದೆ ಬರಲಿ. ಕಾಗದ ನೋಡುವ ಮೊದಲು ನಳ ತಿರುಗಿಸಿ ನೀರು ಬರುತ್ತದೆಯೇ ನೋಡಲಿ. ಕೂಲಿಕಾರ ಬಂಧುಗಳು ಗಾಯವಾದ ದಿನವೇ ತಾರೀಖು, ವೇಳೆ, ಪಕ್ಕದಲ್ಲಿದ್ದವರ ಹೆಸರು ಹಾಕಿ ಮಾಲೀಕನಿಗೆ ಬರೆದುಕೊಟ್ಟು, ಒಂದು ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳಲಿ.