ಮೈಕ್ ಜೋರು ಮಾಡಬೇಡಿ

ಬ್ಯಾಟರಾಯನಪುರದ ಛತ್ರವೊಂದರಲ್ಲಿ ಮೊನ್ನೆ ಆರತಕ್ಷತೆ. ಕೊನೆಯ ಸಾಲಿನಲ್ಲಿದ್ದ ನಮಗೆ ನಿರೂಪಕರ ಮಾತು 'ಗೊಂವ್' ಎಂದಷ್ಟೇ ಕೇಳುತ್ತಿತ್ತು. 'ಮೈಕ್ ಜೋರು ಮಾಡಪ್ಪಾ' ಎಂದು ಯಾರೋ ಕೂಗಿದರು. ಮಾಡಿದರು. ಪಕ್ಕದಲ್ಲಿದ್ದ ಅಜ್ಜಿ ಕಿವಿಯ ಮಿಷನ್ ತೆಗೆದು ಪರ್ಸಿನೊಳಗೆ ಹಾಕಿಕೊಂಡರು. ಊಟದ ಹೊತ್ತಿಗೆ ಎಲ್ಲರದೂ ಒಂದೇ ತೀರ್ಪು: 'ಬಳ್ಳಾರಿ ರೋಡ್ ಪಕ್ಕ ಅಲ್ವಾ, ಇನ್ನೇನ್ ಕೇಳ್ಸುತ್ತೆ?'

ಹಿರಿಯರು ಕ್ಷಮಿಸಬೇಕು. ಆ ರಸ್ತೆಯ ಪರ ವಕಾಲತ್ತು ವಹಿಸುವ ಆಸೆ ನನಗಿಲ್ಲ. ಮೇಲ್ಸೇತುವೆಯಲ್ಲೂ ಕೆಳಗೂ ವಾಹನಗಳ ಹೊಳೆಯೇ ಹರಿಯುತ್ತದೆ. ಆದರೆ ಅಂದು ಏಸಿ ಹಾಕಿ ಬಾಗಿಲು ಮುಚ್ಚಿದ್ದರು. ಒಳಗೆ ಗ್ರಾನೈಟ್ ನೆಲ, ಟೈಲ್ಸ್ ಗೋಡೆ, ಬೋಳು ಚಾವಣಿ. ಸದ್ದನ್ನು ಹೀರಲು ಒಂದು ದಪ್ಪ ಪರದೆಯೂ ಇಲ್ಲ. ಒಂದು ಪದದ ಅನುರಣನ ಅಡಗುವ ಮೊದಲೇ ಇನ್ನೊಂದು ಪದ ಅದರ ಮೇಲೆ ಬೀಳುತ್ತದೆ. ಮೈಕ್ ಜೋರು ಮಾಡಿದರೆ ಮಾತಿನಷ್ಟೇ ಅನುರಣನವೂ ಜೋರು. ವಿಜಯಪುರದ ಗೋಲಗುಮ್ಮಟಕ್ಕೆ ನಾವು ಟಿಕೆಟ್ ಕೊಟ್ಟು ಹೋಗುವುದೇ ಆ ಮರುದನಿಗಾಗಿ. ಮದುವೆಮನೆಗೆ ಅದು ಬೇಡ.

1895ರಲ್ಲಿ ಹಾರ್ವರ್ಡ್‌ನ ಉಪನ್ಯಾಸ ಕೊಠಡಿಯೊಂದಕ್ಕೂ ಇದೇ ರೋಗವಿತ್ತು. ಅಲ್ಲಿನ ಭೌತವಿಜ್ಞಾನಿ ವ್ಯಾಲೇಸ್ ಸಬೀನ್ ಪಕ್ಕದ ಥಿಯೇಟರ್‌ನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಸದ್ದು ಅಡಗಲು ಹಿಡಿಯುವ ಸಮಯವನ್ನು ಅಳೆದರು. ಆ ಸಮಯವನ್ನು ಲೆಕ್ಕಹಾಕುವ ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. 30 ಮೀಟರ್ ಉದ್ದ, 20 ಅಗಲ, 6 ಎತ್ತರದ ಖಾಲಿ ಹಾಲ್ ಇಟ್ಟುಕೊಳ್ಳಿ. ಎಲ್ಲ ಮೈಗಳೂ ಸದ್ದಿನ ಶೇ 5ರಷ್ಟನ್ನು ಮಾತ್ರ ಹೀರಿದರೆ ಅನುರಣನ 6 ಸೆಕೆಂಡು ದಾಟುತ್ತದೆ. ಚಾವಣಿಯೊಂದನ್ನೇ ಶೇ 70 ಹೀರುವಂತೆ ಮಾಡಿದರೆ ಸುಮಾರು 1.2ಕ್ಕೆ ಇಳಿಯುತ್ತದೆ. ಮಾತಿಗೆ ಅಷ್ಟು ಸಾಕು.

ಇದಕ್ಕೆ ಬೇಕಾದ್ದು ತೂತುಗಳಿರುವ ಜಿಪ್ಸಂ ಹಲಗೆ, ಹಿಂದೆ ಗ್ಲಾಸ್‌ವುಲ್. ಥರ್ಮೋಕೋಲ್ ಅಂಟಿಸಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಅದು ಸದ್ದನ್ನು ಹೀರುವುದೂ ಇಲ್ಲ, ತಡೆಯುವುದೂ ಇಲ್ಲ. ಹೊರಗಿನ ಗದ್ದಲ ತಡೆಯಲು ಭಾರದ ಗೋಡೆ, ಸಂದಿಲ್ಲದ ಕಿಟಕಿ ಬೇಕು. ಅದು ಬೇರೆಯೇ ಕೆಲಸ. ಇನ್ನು ವೇದಿಕೆಯ ಎರಡು ದೈತ್ಯ ಸ್ಪೀಕರ್‌ಗಳ ಬದಲು ಸಾಲುಸಾಲಿಗೆ ಚಿಕ್ಕವನ್ನು ಹಾಕಿ ಸಣ್ಣಗೆ ಇಟ್ಟರೂ ಅರ್ಧ ಕಷ್ಟ ತಪ್ಪುತ್ತದೆ.

ಛತ್ರ ಬುಕ್ ಮಾಡಲು ಹೋದಾಗ ಪಾರ್ಕಿಂಗ್, ಅಡುಗೆಮನೆ ನೋಡಿದ ಮೇಲೆ ಖಾಲಿ ಹಾಲ್‌ನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಅದು ಅಡಗುವವರೆಗೆ ಎಣಿಸಿ, ಆಮೇಲೆ ಅಡ್ವಾನ್ಸ್ ಕೊಡಿ.